ಗೋಡೆಯಲ್ಲಿ ಅಡಗಿದ ಮಚ್ಚೆ

ಮಕ್ಕಳೇ, ಕಾಲಿನ ಗಾಯ ಕೀವಾದಾಗ ತೊಡೆಸಂದಿನಲ್ಲಿ ಒಂದು ಗಂಟು ಏಳುತ್ತದಲ್ಲ, ಅದೇ ದುಗ್ಧಗ್ರಂಥಿ. ಇಂಥ ನೂರಾರು ಗ್ರಂಥಿಗಳು ನಮ್ಮ ಮೈಯಲ್ಲಿವೆ. ಹರಿದು ಬರುವ ದುಗ್ಧರಸವನ್ನು ಸೋಸಿ ರೋಗಾಣುಗಳನ್ನು ತಡೆಯುವುದು ಅವುಗಳ ಕೆಲಸ.

ಕ್ಯಾನ್ಸರ್ ಕೋಶಗಳೂ ಈ ದಾರಿಯಲ್ಲಿ ಹರಡುವುದುಂಟು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಂಥ ಕಂದು ಮೈಬಣ್ಣದವರಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲಿನಲ್ಲಿ. ಆಗ ಹತ್ತಿರದ ಗ್ರಂಥಿಯನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದನ್ನು ಕೂದಲಿಗಿಂತ ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವವರು ನನ್ನಂಥ ಪೆಥಾಲಜಿಸ್ಟರು.

ಇಲ್ಲೊಂದು ಸೋಜಿಗವಿದೆ. ನಿಮ್ಮ ಕೆನ್ನೆಯಲ್ಲಿರುವಂಥ ಮಚ್ಚೆಯ ಕೋಶಗಳು ಕೆಲವರ ದುಗ್ಧಗ್ರಂಥಿಯಲ್ಲೂ ಇರುತ್ತವೆ! ಪಾಪ, ಅವು ನಿರುಪದ್ರವಿಗಳು. ಆದರೆ ಮೆಲನೋಮ ಕೋಶಗಳಿಗೆ ಹತ್ತಿರದ ನೆಂಟರು. ಅವಸರದಲ್ಲಿ ನೋಡಿದರೆ ಕ್ಯಾನ್ಸರ್ ಹರಡಿದಂತೆಯೇ ಕಾಣುತ್ತದೆ. ಹಾಗೆಂದೇ ಬರೆದುಬಿಟ್ಟರೆ ರೋಗಿಗೆ ಬೇಡದ ಚಿಕಿತ್ಸೆ, ಮನೆಮಂದಿಗೆಲ್ಲ ಬೇಡದ ಸಂಕಟ. ನಿಜವಾದ ಕ್ಯಾನ್ಸರನ್ನು ಬರೀ ಮಚ್ಚೆ ಎಂದು ಬಿಟ್ಟರಂತೂ ಪ್ರಾಣಕ್ಕೇ ಅಪಾಯ.

ಹಾಗಾದರೆ ಗುರುತಿಸುವುದು ಹೇಗೆ? ನಾನು ಮೊದಲು ನೋಡುವುದು ಅವು ಕೂತ ಜಾಗವನ್ನು. ಮನೆಗೆ ಕಾಂಪೌಂಡ್ ಇದ್ದಂತೆ ಗ್ರಂಥಿಯ ಸುತ್ತ ನಾರಿನ ಹೊದಿಕೆಯಿದೆ. ಮಚ್ಚೆಯ ಕೋಶಗಳು ಸಾಮಾನ್ಯವಾಗಿ ಆ ಗೋಡೆಯಲ್ಲೇ ಅಡಗಿರುತ್ತವೆ. ಕ್ಯಾನ್ಸರ್ ಕೋಶಗಳು ದುಗ್ಧರಸದೊಡನೆ ಬರುವುದರಿಂದ ಹೆಚ್ಚಾಗಿ ಗೋಡೆ ದಾಟಿ ಒಳಗೆ ಸಿಗುತ್ತವೆ.

ಆಮೇಲೆ ರೂಪ. ಮಚ್ಚೆಯವು ಸಣ್ಣವು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಕ್ಯಾನ್ಸರಿನವು ಸಾಮಾನ್ಯವಾಗಿ ದೊಡ್ಡವು, ಒಂದೊಂದು ಒಂದೊಂದು ಆಕಾರ.

ಕೊನೆಗೆ ವಿಶೇಷ ಬಣ್ಣಗಳು. ಕೆಲವು ಎರಡಕ್ಕೂ ಹತ್ತುತ್ತವೆ. ಎಚ್‌ಎಂಬಿ-45 ಎಂಬುದು ಮೆಲನೋಮಕ್ಕೆ ಹೆಚ್ಚಾಗಿ ಹತ್ತುತ್ತದೆ, ಈ ಮಚ್ಚೆಗೆ ಹತ್ತುವುದು ಕಡಿಮೆ. ಕೆಐ-67 ಎಂಬುದು ಒಡೆದು ಎರಡಾಗುತ್ತಿರುವ ಕೋಶಗಳನ್ನು ತೋರಿಸಿಕೊಡುತ್ತದೆ. ಮಚ್ಚೆಯಲ್ಲಿ ಅಂಥವು ತೀರಾ ವಿರಳ. ಒಂದೇ ಗುರುತು ಸಾಲದು. ಎಲ್ಲವನ್ನೂ ಕೂಡಿಸಿ ನೋಡಿದ ಮೇಲೆಯೇ ತೀರ್ಪು.

ಅಜ್ಜ-ಅಜ್ಜಿಯರಿಗೊಂದು ಮಾತು. ಬಯಾಪ್ಸಿ ವರದಿ ತಡವಾದರೆ, ಏನೋ ಮುಚ್ಚಿಡುತ್ತಿದ್ದಾರೆಂದು ಗಾಬರಿಯಾಗಬೇಡಿ. ಇನ್ನೊಂದು ಬಣ್ಣದ ಪರೀಕ್ಷೆ ನಡೆಯುತ್ತಿರಬಹುದು, ಇನ್ನೊಬ್ಬ ಪೆಥಾಲಜಿಸ್ಟರಿಗೆ ಸ್ಲೈಡ್ ತೋರಿಸುತ್ತಿರಬಹುದು. ಅನುಮಾನವಿದ್ದರೆ ಸ್ಲೈಡ್ ಕೇಳಿ ಪಡೆದು ನೀವೇ ಬೇರೆಯವರ ಅಭಿಪ್ರಾಯ ಕೇಳಿ. ಅದಕ್ಕೆ ಯಾವ ಡಾಕ್ಟರೂ ಬೇಸರಿಸಬಾರದು.

ಹಾಂ, ಅಂಗಾಲಿನ ಮಚ್ಚೆ ದೊಡ್ಡದಾಗುತ್ತಿದ್ದರೆ, ಬಣ್ಣ ಬದಲಾದರೆ ಅಥವಾ ರಕ್ತ ಒಸರಿದರೆ ಬೇಗ ತೋರಿಸಿ. ಅಜ್ಜನಿಗೆ ಬಗ್ಗಿ ಪಾದ ನೋಡಿಕೊಳ್ಳಲಾಗದಿದ್ದರೆ, ಮಕ್ಕಳೇ, ನೀವೇ ನೋಡಿ ಹೇಳಿ.