ಹೆಸರು ಬಿಡಿಸಿಕೊಳ್ಳುವ ದಾರಿ ಯಾರಿಗೆ?



ಕಳೆದ ವಾರ ನಿಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಸಣ್ಣ ಉದ್ಯಮಿಗಳಿಗೆ ಕೊಟ್ಟ ಸಲಹೆಗಳ ನಡುವೆ, ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಕೈತಪ್ಪಿದರೆ ಗಾಬರಿ ಬೇಡ, ವಾಪಸ್ ಪಡೆಯಲು ಕಾನೂನಿದೆ ಎಂಬ ಮಾತು ಬಂದಿತ್ತು. ಕಾನೂನಿದೆ, ಸುಳ್ಳಲ್ಲ. ಹತ್ತು ತಿಂಗಳಿಂದ ಅದರ ಹಿಂದೆ ಅಲೆಯುತ್ತಿರುವುದರಿಂದ ಇಷ್ಟು ಬರೆಯುತ್ತಿದ್ದೇನೆ.

ಉತ್ತರ ಕನ್ನಡದ ಹಳ್ಳಿಯೊಂದರಲ್ಲಿ ನಾನೂ ನನ್ನ ಅತ್ತಿಗೆಯೂ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಏಳು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಟ್ಟ. ಡಾಟ್ ಕಾಮ್ ಹೆಸರನ್ನು ತನ್ನ ಇಮೇಲ್ ಕೊಟ್ಟು ತನ್ನ ಹೆಸರಿಗೇ ಕೊಂಡ. ಮೋಸದ ಉದ್ದೇಶ ಇರಲಿಲ್ಲ. ನಮಗೇ ಆಗ ಇಮೇಲ್ ನೋಡುವ ರೂಢಿ ಇರಲಿಲ್ಲ. ಆಮೇಲೆ ಅವನು ಬೆಂಗಳೂರು ಸೇರಿದ, ಆ ಇಮೇಲನ್ನೂ ಬಿಟ್ಟ. ಒಂದು ದಿನ ಪುಣೆಯ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ, "ನಿಮ್ಮ ಉಪ್ಪಿನಕಾಯಿ ಒತ್ತಿದ್ರೆ ರಮ್ಮಿ ಆಟ ಬರ್ತದಲ್ರೀ" ಅಂದರು. ಹೆಸರಿನ ಅವಧಿ ಮುಗಿದು, ಬೇರೆ ಯಾರೋ ಕೊಂಡಿದ್ದರು.

ಡಾಟ್ ಕಾಮ್ ಹೆಸರಿನ ಅವಧಿ ಮುಗಿಯುವ ಮುಂಚೆ ಎರಡು ಸಲ, ಮುಗಿದ ಐದು ದಿನದೊಳಗೆ ಇನ್ನೊಂದು ಸಲ ಹೆಸರು ಮಾರಿದ ಕಂಪನಿ ಎಚ್ಚರಿಸಬೇಕೆಂದು, ಜಗತ್ತಿನ ಡೊಮೇನ್ ಹೆಸರುಗಳ ಉಸ್ತುವಾರಿ ನೋಡುವ ಐಕಾನ್ ಸಂಸ್ಥೆಯ ನಿಯಮ 2013ರಿಂದ ಇದೆ. ಅಳಿಸಿದ ಮೇಲೂ 30 ದಿನ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ದಾಟಿ ಐದು ದಿನವಾದರೆ ಯಾರು ಬೇಕಾದರೂ ಕೊಳ್ಳಬಹುದು. ಎಚ್ಚರಿಕೆಗಳು ಬಂದಿರಲೇಬೇಕು, ಯಾರೂ ತೆರೆಯದ ಆ ಇಮೇಲಿಗೆ. ನಮ್ಮ ತಪ್ಪೇ ಇಲ್ಲ ಅನ್ನುತ್ತಿಲ್ಲ.

ಇನ್ನು ಕಾನೂನು. ಇಂಥ ತಕರಾರುಗಳಿಗೆ ಐಕಾನ್ 1999ರಲ್ಲೇ ಒಂದು ವ್ಯವಸ್ಥೆ ಮಾಡಿದೆ. ಮೂರು ಸಂಗತಿ ಸಾಬೀತು ಮಾಡಬೇಕು: ಆ ಹೆಸರು ನಮ್ಮ ಟ್ರೇಡ್‌ಮಾರ್ಕನ್ನೇ ಹೋಲುತ್ತದೆ, ಈಗ ಇಟ್ಟುಕೊಂಡವನಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೊಂಡದ್ದೂ ಬಳಸುತ್ತಿರುವುದೂ ಕೆಟ್ಟ ಉದ್ದೇಶದಿಂದ. ಜಿನೀವಾದ ವೈಪೋ ಸಂಸ್ಥೆಗೆ ದೂರು ಕೊಡಲು ಒಬ್ಬ ತೀರ್ಪುಗಾರರಾದರೆ 1,500 ಡಾಲರ್. ನಮ್ಮ ಲೆಕ್ಕದಲ್ಲಿ ಒಂದೂಕಾಲು ಲಕ್ಷ ಮೀರುತ್ತದೆ. ವಕೀಲರ ಫೀಜು ಬೇರೆ. ಗೆದ್ದರೂ ಆ ಖರ್ಚು ಎದುರಿನವನಿಂದ ಬರುವುದಿಲ್ಲ. ಒಂದು ಮಳೆಗಾಲಕ್ಕೆ ನಾವು ಅಷ್ಟು ಹಣದ ಬಾಟಲಿ ತುಂಬುವುದೂ ಇಲ್ಲ.

ನಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ನೋಂದಣಿಯೂ ಇಲ್ಲ. ಅದರ ಅರ್ಜಿಗೆ ನಮ್ಮಂಥವರು ಆನ್‌ಲೈನಿನಲ್ಲಿ 4,500 ರೂಪಾಯಿ ಕಟ್ಟಿದರೆ ಸಾಕಿತ್ತು. ಅದನ್ನು ಹೇಳಿದವರೇ ಇರಲಿಲ್ಲ. ಅಪ್ಪೆಮಿಡಿಗೆ ಭೌಗೋಳಿಕ ಗುರುತು ಇದೆ, ಆದರೆ ಅದು ಮಿಡಿಗೆ, ನಮ್ಮ ಬಾಟಲಿಗಲ್ಲ. ನೋಂದಣಿಯಿಲ್ಲದ ಹೆಸರಿಗೂ ಹಕ್ಕು ಕೇಳಬಹುದಂತೆ, ಜನರಿಗೆ ಅದು ನಮ್ಮದೆಂದೇ ಪರಿಚಯವಿತ್ತು ಎಂದು ತೋರಿಸಿದರೆ. ಹಳೇ ಪಾರ್ಸೆಲ್ ಚೀಟಿ, ಜಾತ್ರೆ ಮಳಿಗೆಯ ರಸೀದಿ ಎಲ್ಲ ಗಂಟು ಕಟ್ಟಿ ಇಟ್ಟಿದ್ದೇನೆ.

ಕೋರ್ಟಿನ ದಾರಿಯೂ ಉಂಟು. ಡೊಮೇನ್ ಹೆಸರಿಗೆ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆ ಸಿಗುತ್ತದೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿತು. ಆ ದಾವೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೇ. ಅಲ್ಲಿ ಗೆದ್ದು, ಹೈಕೋರ್ಟಿನಲ್ಲಿ ಸೋತು, ದಿಲ್ಲಿಗೆ ಹೋಗಿ ಗೆದ್ದ ಕಂಪನಿಗೆ ಅಷ್ಟು ಓಡಾಡುವ ತಾಕತ್ತಿತ್ತು.

ವೆಬ್‌ಸೈಟ್ ಮಾಡಿದ ಹುಡುಗನ ಮೇಲೆ ಗ್ರಾಹಕ ಆಯೋಗಕ್ಕೆ ದೂರು ಹಾಕಿ ಎಂದರು ಕೆಲವರು. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ಪರಿಹಾರ ಸಿಕ್ಕೀತು, ಹೆಸರು ಇನ್ಯಾರದೋ ಕೈಯಲ್ಲಿದೆಯಲ್ಲ! ಅಲ್ಲದೆ ಅವನ ಮದುವೆ ಊಟಕ್ಕೆ ಉಪ್ಪಿನಕಾಯಿ ಕಳಿಸಿದವರು ನಾವೇ.

ಕೊನೆಗೆ ಉಚಿತ ಕಾನೂನು ನೆರವು ಕೇಳಿಕೊಂಡು ಹೋದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ನೆರವಿದೆ. ಯಾವುದೇ ಕಾನೂನು ವಿಷಯದಲ್ಲಿ ಸಲಹೆ ಕೊಡುವುದೂ ಆ ನೆರವಿನಲ್ಲಿ ಸೇರುತ್ತದೆ. ಕಚೇರಿಯಲ್ಲಿ ಗುಮಾಸ್ತರು ಸಂಯಮದಿಂದಲೇ ಕೇಳಿಸಿಕೊಂಡು, ರಿಜಿಸ್ಟರ್ ತೆರೆದು, "ಸರ್ವೆ ನಂಬರ್ ಎಷ್ಟಮ್ಮಾ?" ಎಂದರು. ಜಾಗದ ವ್ಯಾಜ್ಯ ಅಂದುಕೊಂಡಿದ್ದರು. ವಿವರಿಸಿದ ಮೇಲೆ ವಕೀಲರು ಇದು ಸೈಬರ್ ಪೊಲೀಸರಿಗೆ ಹೋಗಬೇಕಾದ್ದು ಎಂದರು. ಪೊಲೀಸರು ಇದು ಸಿವಿಲ್ ಎಂದರು.

ಅವರನ್ನು ದೂರಲಾರೆ, ಯಾರೂ ಅವರಿಗೆ ಕಲಿಸಿಲ್ಲ. ಆದರೆ ಸರ್ಕಾರವೇ ಸ್ವಸಹಾಯ ಸಂಘದ ಹೆಂಗಸರನ್ನು ಕೂರಿಸಿಕೊಂಡು ಆನ್‌ಲೈನ್ ಮಾರಾಟ ಮಾಡಿ ಎಂದು ತರಬೇತಿ ಕೊಡುತ್ತಿರುವಾಗ, ಜಿಲ್ಲೆಗೊಬ್ಬರಾದರೂ ಈ ವಿಷಯ ಬಲ್ಲ ವಕೀಲರು ನೆರವಿನ ಪಟ್ಟಿಯಲ್ಲಿ ಬೇಡವೇ? ಡಾಟ್ ಇನ್ ಹೆಸರುಗಳ ತಕರಾರು ನಮ್ಮ ದೇಶದ್ದೇ ಆದ ನಿಕ್ಸಿ ಸಂಸ್ಥೆಯ ಕೈಯಲ್ಲಿದೆ. ಸಣ್ಣ ವ್ಯಾಪಾರಿಗಳಿಗೆ ಕಡಿಮೆ ಶುಲ್ಕದ, ಕನ್ನಡದಲ್ಲೂ ದೂರು ಕೊಡಬಹುದಾದ ದಾರಿಯನ್ನು ಅವರಾದರೂ ಮಾಡಬಹುದು. ಕನ್ನಡ ಲಿಪಿಯಲ್ಲೇ 'ಭಾರತ' ಎಂದು ಮುಗಿಯುವ ಡೊಮೇನ್ ಹೆಸರು ಕೊಡುವವರಿಗೆ ಕನ್ನಡದಲ್ಲಿ ದೂರು ತೆಗೆದುಕೊಳ್ಳುವುದು ಕಷ್ಟವೇ? ತರಬೇತಿ ಕೊಡುವವರು ಮೊದಲ ದಿನವೇ ಡೊಮೇನ್ ಯಾರ ಹೆಸರಿಗಿದೆ, ಯಾರ ಇಮೇಲಿಗೆ ಪತ್ರ ಬರುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳಲಿ.

ಹಳೇ ವಿಳಾಸದ ಲೇಬಲ್ ಇನ್ನೂ ಎರಡು ಸಾವಿರ ಉಳಿದಿದೆ. ಅತ್ತಿಗೆ ಸಂಜೆ ಹೊತ್ತು ಅದರ ಮೇಲೆ ಫೋನ್ ನಂಬರಿನ ಚೀಟಿ ಅಂಟಿಸುತ್ತಾ ಕೂರುತ್ತಾರೆ. ನಿಮ್ಮ ಅಂಕಣಕಾರರು ಮುಂದಿನ ಸಲ ಕಾನೂನಿದೆ ಎಂದು ಬರೆಯುವಾಗ, ಯಾವ ಕಚೇರಿಯ ಯಾವ ಬಾಗಿಲು ತಟ್ಟಬೇಕೆಂಬುದನ್ನೂ ಬರೆಯಲಿ. ಮೊದಲು ಹೋಗುವವಳು ನಾನೇ.

— ಓದುಗರೊಬ್ಬರು, ಉತ್ತರ ಕನ್ನಡ