ಗಾಡಿಗೆ ಅನ್ನವಿಕ್ಕುವ ಕಾಲ



ಕಳೆದ ಅಮಾವಾಸ್ಯೆಯಂದು ಶ್ರೀಮಠದ ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ, ಹಿರಿಯರ ರೂಢಿಯಂತೆ ತಟ್ಟೆ ತೊಳೆದ ನೀರನ್ನೂ ಕುಡಿದು, ವೃದ್ಧ ಭಕ್ತರೊಬ್ಬರು ನಮ್ಮ ಬಳಿ ಬಂದು ಕುಳಿತರು. "ಅಪ್ಪಾರ, ಮೊಮ್ಮಗನ ಗಾಡಿಗೆ ಹಾಕೋ ಪೆಟ್ರೋಲಿನಾಗ ಅಕ್ಕಿ ಇರ್ತೈತಂತ, ಖರೇ ಏನ್ರಿ?" ಎಂದರು. ಸುತ್ತಲಿದ್ದ ಹುಡುಗರು ನಕ್ಕರು. ಆದರೆ ಆ ಪ್ರಶ್ನೆ ನಗುವಂಥದಲ್ಲ.

ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ ನಮ್ಮ ದೇಶದಲ್ಲಿ 2003ರಿಂದಲೇ ಇದೆ. 2013-14ರಲ್ಲಿ ಬೆರಕೆ ನೂರಕ್ಕೆ ಎರಡು ಪಾಲೂ ಇರಲಿಲ್ಲ. ನೂರಕ್ಕೆ ಇಪ್ಪತ್ತು ಪಾಲು ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿಯವರು ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. 2025ರ ಹೊತ್ತಿಗೆ ಆ ಪ್ರಮಾಣ ದೇಶಕ್ಕೆಲ್ಲ ಮುಟ್ಟಿತು. ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲನ್ನು ಹೊರದೇಶದಿಂದ ತರುವ ನಮಗೆ ಇದು ಸಣ್ಣ ಸಾಧನೆಯಲ್ಲ.

ಮೊದಲಿಗೆ ಇದಕ್ಕೆ ಬಳಸುತ್ತಿದ್ದುದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ. ಹಿಂದೆ ಅದು ಬಹುಪಾಲು ಹೆಂಡದ ಭಟ್ಟಿಗೆ ಹೋಗುತ್ತಿತ್ತು. ಮನುಷ್ಯ ಕುಡಿಯುವುದಕ್ಕಿಂತ ಗಾಡಿ ಕುಡಿಯುವುದೇ ಲೇಸಲ್ಲವೆ! ಎಥನಾಲ್ ಮಾರಿದ ದುಡ್ಡು ಕಾರ್ಖಾನೆಗೆ ಬೇಗ ಕೈಸೇರುವುದರಿಂದ ಕಬ್ಬಿನ ಬಾಕಿಯೂ ಬೇಗ ತೀರಬೇಕು. ಇದನ್ನು ನಾವು ಹಳಿಯುವವರಲ್ಲ.

ಆದರೆ ಕಾಕಂಬಿ ಸಾಲದಾಯಿತು. ಕಬ್ಬಿನ ಹಾಲೇ ಭಟ್ಟಿಗೆ ಹೋಯಿತು, ಆಮೇಲೆ ಧಾನ್ಯ ಹೋಯಿತು. ಈಗ ಧಾನ್ಯದ ಪಾಲೇ ಹೆಚ್ಚು, ಅದರಲ್ಲೂ ಮೆಕ್ಕೆಜೋಳದ್ದು. 2024-25ರ ಸಾಲಿಗೆ ಸರ್ಕಾರಿ ಉಗ್ರಾಣದಿಂದ 52 ಲಕ್ಷ ಟನ್ ಅಕ್ಕಿಯನ್ನು ಕಿಲೋಗೆ 22 ರೂ. 50 ಪೈಸೆಯಂತೆ ಇದಕ್ಕೆ ಕೊಡಲು ಅನುಮತಿಯಾಯಿತು. ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್ ಎಥನಾಲ್ ಬರುತ್ತದೆ. ಭಕ್ತರೇ, ನೀವೇ ಲೆಕ್ಕ ಹಾಕಿ: ಬೆರಕೆಯೆಲ್ಲ ಅಕ್ಕಿಯದೇ ಆದರೆ, ಒಂದು ಲೀಟರ್ ಪೆಟ್ರೋಲಿನೊಳಗೆ ಅರ್ಧ ಕಿಲೋಗೆ ತುಸು ಕಡಿಮೆ ಅಕ್ಕಿ ಕರಗಿರುತ್ತದೆ. ಅದು ದುಡಿಯುವ ಒಬ್ಬ ಮನುಷ್ಯನ ಒಂದು ದಿನದ ಊಟ.

ಉಗ್ರಾಣ ತುಂಬಿ ಅಕ್ಕಿ ಹುಳು ಹಿಡಿಯುವಾಗ ತಪ್ಪೇನು ಎಂದು ಬಲ್ಲವರು ಕೇಳುತ್ತಾರೆ. ಕೇಳಲಿ. ಆದರೆ 2023ನ್ನು ಮರೆಯಬಾರದು. ಆ ವರ್ಷ ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು. ರಾಜ್ಯಗಳಿಗೆ ಕೇಂದ್ರದ ಅಕ್ಕಿ ಮಾರಾಟ ನಿಂತು, ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಬದಲು ತಲೆಗೆ 170 ರೂ. ಹಣ ಬಂತು. ಭಟ್ಟಿಗಳಿಗೂ ಜುಲೈನಲ್ಲಿ ಅಕ್ಕಿ ನಿಂತಿತು, ಡಿಸೆಂಬರಿನಲ್ಲಿ ಕಬ್ಬಿನ ಹಾಲಿಗೂ ತಡೆ ಬಿತ್ತು. ಮಳೆ ಕೈಕೊಟ್ಟ ಒಂದೇ ವರ್ಷದಲ್ಲಿ ತಟ್ಟೆಗೂ ಟ್ಯಾಂಕಿಗೂ ಪೈಪೋಟಿ ಹತ್ತಿತು. ಈಗ ಇಪ್ಪತ್ತು ಪಾಲಿಗೆ ಒಗ್ಗಿದ ಭಟ್ಟಿಗಳು ಮುಂದಿನ ಬರದಲ್ಲಿ ಬಾಗಿಲು ಮುಚ್ಚಲು ಒಪ್ಪುತ್ತವೆಯೆ?

ನೀರಿನ ಮಾತೂ ಇದೆ. ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ತೆಗೆಯಲು, ಕಬ್ಬಿಗೆ ಹಾಯಿಸುವ ನೀರೂ ಸೇರಿ, ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. ಬೋರ್‌ವೆಲ್ ಬತ್ತಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾಗಿಯೂ ರೈತನಿಗೆ ದಕ್ಕಿದ್ದೆಷ್ಟು? ಎಥನಾಲಿನಿಂದ ಜೋಳದ ಬೆಲೆ ಬಂಗಾರವಾಗುತ್ತದೆಂದು ನಂಬಿದವರು, 2025ರ ನವೆಂಬರಿನಲ್ಲಿ 2,400 ರೂ. ಬೆಂಬಲ ಬೆಲೆಯಿದ್ದ ಕ್ವಿಂಟಾಲ್ ಮೆಕ್ಕೆಜೋಳವನ್ನು ಎಷ್ಟೋ ಕಡಿಮೆಗೆ ಮಾರಿದರು. ಅದೇ ತಿಂಗಳು ಕಬ್ಬು ಬೆಳೆಗಾರರು ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕುಳಿತು, ಟನ್ನಿಗೆ 3,300 ರೂ. ಎಂದ ಮೇಲೆಯೇ ಎದ್ದದ್ದು.

ಕಾಯಕದಲ್ಲಿ ಉಳಿದುದನ್ನು ದಾಸೋಹಕ್ಕೆ ಸಲ್ಲಿಸುವುದು ಶರಣರು ಹಾಕಿಕೊಟ್ಟ ದಾರಿ. ಇಲ್ಲಿಯೂ ಮೊದಲು ಉಂಡು, ಉಳಿದುದು ಗಾಡಿಗೆ ಹೋಗಲಿ ಎಂಬುದೇ ನಮ್ಮ ಮಾತು. ಉಣ್ಣಲಾಗದ್ದರಿಂದಲೂ ಎಥನಾಲ್ ಬರುತ್ತದೆ. ಹರಿಯಾಣದ ಪಾಣಿಪತ್ತಿನಲ್ಲಿ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಕಾರ್ಖಾನೆಯನ್ನು, ವರ್ಷಕ್ಕೆ ಎರಡು ಲಕ್ಷ ಟನ್ ಭತ್ತದ ಹುಲ್ಲಿನಿಂದ ಮೂರು ಕೋಟಿ ಲೀಟರ್ ತೆಗೆಯಲೆಂದೇ ಕಟ್ಟಿದ್ದಾರೆ. ಖರ್ಚು ಹೆಚ್ಚು, ಕೆಲಸ ಕಷ್ಟದ್ದು, ನಿಜ. ಆದರೂ ಅಲ್ಲಿ ಯಾರ ತಟ್ಟೆಯ ಅಗುಳೂ ಕದಲುವುದಿಲ್ಲ. ನಮ್ಮ ಕಡೆಯೋ, ಕಬ್ಬು ಕಟಾವಾದ ಮರುದಿನವೇ ರವದಿಗೆ ಬೆಂಕಿ ಇಡುವುದು ಇನ್ನೂ ನಿಂತಿಲ್ಲ. ಆ ಹೊಗೆ ಮಠದ ಅಂಗಳದವರೆಗೂ ಬರುತ್ತದೆ.