ಕೊಡದ ದೇವನೂ ಮಾರುವ ಮಂದಿಯೂ

"ಇಷ್ಟು ವರ್ಷ ಅಭಿಷೇಕ ಮಾಡಿಸಿದೆವು, ದೇವರು ಕಣ್ಣು ತೆರೆಯಲಿಲ್ಲ" ಎಂಬ ಕೊರಗು ಬೇರೆ ಮನೆಯಲ್ಲಿ ಕೇಳಿಬಂದರೆ ಅದು ಭಕ್ತನ ಅಳಲು. ಜೈನರ ಮನೆಯಲ್ಲಿ ಕೇಳಿಬಂದರೆ, ಆ ಮನೆಗೆ ಧರ್ಮವನ್ನು ಕಲಿಸಬೇಕಾದವರು ಕಲಿಸಲಿಲ್ಲ ಎಂಬುದಕ್ಕೆ ಸಾಕ್ಷಿ. ಜಿನನು ಜಗತ್ತಿನ ಕರ್ತನಲ್ಲ, ಕರ್ಮಫಲವನ್ನು ಹಂಚುವ ನ್ಯಾಯಾಧೀಶನಲ್ಲ, ಅಹವಾಲು ಸ್ವೀಕರಿಸುವ ಅಧಿಕಾರಿಯೂ ಅಲ್ಲ. ರಾಗದ್ವೇಷಗಳನ್ನು ಗೆದ್ದುದರಿಂದಲೇ ಆತ ಜಿನ. ಹೊಗಳಿದವನಿಗೆ ವರ ಕೊಟ್ಟರೆ ಆತನಲ್ಲಿ ರಾಗ ಉಳಿದಿದೆ ಎಂದರ್ಥ. ಮರೆತವನನ್ನು ಕೈಬಿಟ್ಟರೆ ದ್ವೇಷ ಉಳಿದಿದೆ ಎಂದರ್ಥ. ಎರಡರಲ್ಲಿ ಯಾವುದು ಉಳಿದಿದ್ದರೂ ಆತನನ್ನು ವೀತರಾಗನೆಂದು ಕರೆಯುವಂತಿಲ್ಲ. ಉತ್ತರ ಕೊಡದಿರುವುದು ಆತನ ಉದಾಸೀನವಲ್ಲ, ಆತನ ಸ್ವರೂಪ.

ಈ ಮಾತು ಹೊಸದಲ್ಲ, ಯಾವುದೋ ಆಧುನಿಕ ವಿಚಾರವಾದಿಯ ಸಂಶೋಧನೆಯೂ ಅಲ್ಲ. ಪ್ರತಿ ಜೈನ ಮಗುವೂ ಮೊದಲು ಕಲಿಯುವ ಣಮೋಕಾರ ಮಂತ್ರದ 35 ಅಕ್ಷರಗಳಲ್ಲಿ ಐದು ನಮಸ್ಕಾರಗಳಿವೆ, ಒಂದು ಬೇಡಿಕೆಯೂ ಇಲ್ಲ. ವ್ಯಕ್ತಿಯ ಹೆಸರು ಸಹ ಅಲ್ಲಿಲ್ಲ. ನಮಸ್ಕಾರ ಸಲ್ಲುವುದು ಗುಣಕ್ಕೆ, ಪದವಿಗೆ. ಸಾಮಾಯಿಕ, ಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ ಎಂಬ ಷಡಾವಶ್ಯಕಗಳನ್ನು ಒಂದೊಂದಾಗಿ ಪರಿಶೀಲಿಸಿದರೂ ಯಾಚನೆ ಎಂಬ ಏಳನೆಯದು ಎಲ್ಲಿಯೂ ಸಿಗುವುದಿಲ್ಲ. ಆಚಾರ್ಯ ಸಮಂತಭದ್ರರು ಸ್ವಯಂಭೂಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುತ್ತ ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದ್ದಾರೆ. ವೀತರಾಗನಿಗೆ ಪೂಜೆಯಿಂದ ಆಗಬೇಕಾದುದೇನೂ ಇಲ್ಲ, ನಿಂದೆಯಿಂದ ಆತನಿಗೆ ಕೋಪವೂ ಬಾರದು. ಆದರೂ ಆತನ ಪುಣ್ಯಗುಣಗಳ ಸ್ಮರಣೆ ಪೂಜಿಸುವವನ ಚಿತ್ತವನ್ನು ಪಾಪದ ಕಾಡಿಗೆಯಿಂದ ತೊಳೆಯುತ್ತದೆ ಎಂಬುದು ಅವರ ಅಭಿಪ್ರಾಯ. ಪೂಜೆ ಯಾರಿಗಾಗಿ ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಬೇಕಾಗಿಲ್ಲ.

ಬೇಡುವುದನ್ನು ಶಾಸ್ತ್ರ ಬರಿದೇ ಕಡೆಗಣಿಸಿ ಸುಮ್ಮನಾಗಿಲ್ಲ, ಅದಕ್ಕೆ ಹೆಸರಿಟ್ಟು ನಿಷೇಧಿಸಿದೆ. ವ್ರತಪೂಜೆಗಳಿಗೆ ಪ್ರತಿಯಾಗಿ ಭೋಗವನ್ನು ಬಯಸುವುದು ನಿದಾನ. ತತ್ತ್ವಾರ್ಥಸೂತ್ರ ಅದನ್ನು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದಾಗಿ ಎಣಿಸುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಶಲ್ಯವನ್ನು ಕಿತ್ತೊಗೆಯದವನು ವ್ರತಿಯೇ ಅಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರರು ವರದ ಆಸೆಯಿಂದ ರಾಗದ್ವೇಷಯುಕ್ತ ದೇವತೆಗಳನ್ನು ಉಪಾಸಿಸುವುದನ್ನು ದೇವಮೂಢತೆ ಎಂದು ಕರೆದಿದ್ದಾರೆ. ಮೂಢತೆಗೆ ಬಗ್ಗದ ದೃಷ್ಟಿಗೆ ಅವರು ಕೊಡುವ ಉದಾಹರಣೆ ರೇವತಿ ರಾಣಿ. ಆಕೆಯನ್ನು ಪರೀಕ್ಷಿಸಲು ಬಂದವನು ನಾನಾ ದೇವರ ರೂಪ ತಾಳಿದ, ಕೊನೆಗೆ ಇಪ್ಪತ್ತೈದನೆಯ ತೀರ್ಥಂಕರನಾಗಿಯೂ ಕಾಣಿಸಿಕೊಂಡ ಎನ್ನುತ್ತದೆ ಕಥೆ. ಊರಿಗೆ ಊರೇ ಕೈಮುಗಿದು ಓಡಿತು; ರೇವತಿ ಮನೆಯಿಂದ ಕದಲಲಿಲ್ಲ. ತೀರ್ಥಂಕರರು ಇಪ್ಪತ್ತನಾಲ್ಕೇ ಎಂಬ ಲೆಕ್ಕ ಆಕೆಗೆ ತಿಳಿದಿತ್ತು.

ಇಂದು ಆ ಲೆಕ್ಕ ಎಷ್ಟು ಮನೆಗಳಿಗೆ ತಿಳಿದಿದೆ? 2011ರ ಜನಗಣತಿಯ ಪ್ರಕಾರ ಜೈನರ ಸಾಕ್ಷರತೆ ಶೇ. 94.9, ದೇಶದ ಸರಾಸರಿ ಶೇ. 73. ದೇಶದ ಅತ್ಯಂತ ಸಾಕ್ಷರ ಧರ್ಮಸಮುದಾಯದ ವಾಟ್ಸಾಪ್ ಗುಂಪುಗಳಲ್ಲಿ ಶ್ರಾವಣ ಬಂತೆಂದರೆ ಹರಿದಾಡುವುದೇನು? ಕಾಲಸರ್ಪದೋಷ ನಿವಾರಣೆಗೆ ಒಂದು ಆರಾಧನೆ, ವಿವಾಹಯೋಗಕ್ಕೆ ಇನ್ನೊಂದು, ವ್ಯಾಪಾರವೃದ್ಧಿಗೆ ಮಂತ್ರಿಸಿದ ಯಂತ್ರ, ಮಕ್ಕಳ ಪ್ರವೇಶ ಪರೀಕ್ಷೆಗೆ ವಿಶೇಷ ಸಂಕಲ್ಪ. ಎದುರಿಗೆ ಕಾಣಿಕೆಯ ಮೊತ್ತ, ಕೆಳಗೆ ಹಣ ಪಾವತಿಸುವ ಕ್ಯೂಆರ್ ಚೌಕ. ಊರು ಬಿಟ್ಟು ಬಂದ ಕುಟುಂಬಗಳಿಗೆ ಬಸದಿ ದೂರ, ಇಂದ್ರರೂ ಉಪಾಧ್ಯೆಯವರೂ ಅಪರೂಪ. ಹೀಗಾಗಿ ಮುಂಬಯಿ, ಪುಣೆ, ಹೈದರಾಬಾದಿನ ಮನೆಗಳೇ ಈ ವ್ಯವಹಾರದ ಒಳ್ಳೆಯ ಗಿರಾಕಿಗಳು. ಸ್ವಾಧ್ಯಾಯಕ್ಕೆ ಸಮಯವಿಲ್ಲದವರಿಗೆ ಪುಣ್ಯವನ್ನು ಮನೆಬಾಗಿಲಿಗೆ ತಲುಪಿಸುವ ಏರ್ಪಾಡು ಇದು.

ಈ ವ್ಯವಹಾರದ ಚಾತುರ್ಯವಿರುವುದು ಅದರ ಲೆಕ್ಕಪದ್ಧತಿಯಲ್ಲಿ. ಮಗಳ ಮದುವೆ ಕೂಡಿಬಂದರೆ ಅದು ಆರಾಧನೆಯ ಫಲ. ಕೂಡಿಬರದಿದ್ದರೆ ಸಂಕಲ್ಪದಲ್ಲಿ ಲೋಪ, ನೋಂಪಿಯಲ್ಲಿ ಭಂಗ, ಮನೆಯವರಲ್ಲಿ ಶ್ರದ್ಧೆಯ ಕೊರತೆ. ಪರಿಹಾರಕ್ಕೆ ಮತ್ತೊಂದು ಆರಾಧನೆ. ಲಾಭವೆಲ್ಲ ಮಾರಿದವನ ಖಾತೆಗೆ, ನಷ್ಟವೆಲ್ಲ ಕೊಂಡವನ ಖಾತೆಗೆ. ಹೀಗೆ ಬರೆದ ಪುಸ್ತಕವನ್ನು ಒಂದು ಕಿರಾಣಿ ಅಂಗಡಿಯವನು ತಂದಿಟ್ಟರೂ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲ. ಧರ್ಮದ ಹೆಸರಿನಲ್ಲಿ ತಂದಿಟ್ಟರೆ ಮಾತ್ರ ವಿದ್ಯಾವಂತ ಸಮಾಜ ಕಣ್ಣು ಮುಚ್ಚಿ ಅಂಗೀಕರಿಸುತ್ತದೆ.

ಇದು ಹಣದ ಮಾತಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಪ್ರಾರ್ಥನೆಗೆ ಫಲದ ಭರವಸೆ ಕಟ್ಟಿದ ದಿನವೇ ಫಲಿಸದ ಪ್ರತಿ ಪ್ರಾರ್ಥನೆಯೂ ಒಂದು ಆರೋಪವಾಗಿಬಿಡುತ್ತದೆ. ಮಗುವನ್ನು ಕಳೆದುಕೊಂಡ ತಾಯಿಗೆ ಭಕ್ತಿ ಸಾಲದಾಯಿತು ಎಂಬ ಅಪವಾದ ಅಂಟಿಕೊಳ್ಳುತ್ತದೆ. ಭರವಸೆಯನ್ನು ಕಟ್ಟದ ಪಂಡಿತರೂ ಕೆಲವೊಮ್ಮೆ ಅಷ್ಟೇ ಕ್ರೂರಿಗಳು. ಸೂತಕದ ಮನೆಗೆ ಬಂದು ಪೂರ್ವಕರ್ಮ ಎಂಬ ಎರಡು ಪದ ಉದುರಿಸಿ ಎದ್ದುಹೋಗುತ್ತಾರೆ. ಕರ್ಮಸಿದ್ಧಾಂತ ಮನುಷ್ಯನು ತನ್ನ ಮುಂದಿನ ನಡೆಯನ್ನು ತಿದ್ದಿಕೊಳ್ಳಲು ಇರುವುದು, ನೆರೆಮನೆಯವನ ಗಾಯವನ್ನು ಅಳೆಯಲು ಅಲ್ಲ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಎರಡನೆಯದು ಅಶರಣ. ಸಾವು ಎದುರಾದಾಗ ಔಷಧವಾಗಲಿ, ಮಂತ್ರವಾಗಲಿ, ದೇವತೆಯಾಗಲಿ ಯಾರನ್ನೂ ಉಳಿಸಲಾರದು ಎಂಬುದು ಅದರ ತಿರುಳು. ಕೇಳಲು ಕಠಿಣ, ಆದರೆ ಆ ತಾಯಿಯನ್ನು ತಪ್ಪಿತಸ್ಥಳ ಸ್ಥಾನದಿಂದ ಬಿಡಿಸುವ ಮಾತು ಅದೊಂದೇ.

ಇದಕ್ಕೆ ಎದುರಾಗಿ ಬರುವ ವಾದಗಳು ಗೊತ್ತಿರುವಂಥವೇ. ಭಕ್ತಾಮರದಿಂದ ಮಾನತುಂಗರ ಬೇಡಿಗಳು ಕಳಚಲಿಲ್ಲವೆ, ವಿಷಾಪಹಾರದಿಂದ ಧನಂಜಯನ ಮಗನ ವಿಷ ಇಳಿಯಲಿಲ್ಲವೆ ಎಂದು ಕೇಳುವವರಿದ್ದಾರೆ. ಈ ಕಥೆಗಳು ಸ್ತೋತ್ರಗಳ ಒಳಗಿಲ್ಲ, ಸ್ತೋತ್ರಗಳ ಸುತ್ತ ಬೆಳೆದವು. ಭಕ್ತಾಮರದ ಕೊನೆಯ ಭಾಗದಲ್ಲಿ ಆನೆ, ಸಿಂಹ, ಬೆಂಕಿ, ಹಾವು, ಯುದ್ಧ, ಕಡಲು, ರೋಗ, ಬಂಧನಗಳು ಬರುತ್ತವೆ, ನಿಜ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಪದ ಭಯ. ಬೇಡಿ ತೊಟ್ಟವನ ಪದ್ಯದಲ್ಲಿಯೂ ಕವಿ ಹೇಳುವುದು ಬಂಧನದ ಭಯ ನೀಗಿತೆಂದು. ಸ್ತುತಿಕಾವ್ಯದ ಅತಿಶಯೋಕ್ತಿಯನ್ನು ಬದಿಗಿಟ್ಟು ಓದಿದರೆ ಉಳಿಯುವುದು ಇಷ್ಟು: ಜಿನಸ್ಮರಣೆ ಹೆದರಿದವನಿಗೆ ಧೈರ್ಯ ತುಂಬುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ದರಪಟ್ಟಿಯಲ್ಲಿ ಬರೆಯುವಂಥ ಲಾಭವೂ ಅಲ್ಲ.

ಧರಣೇಂದ್ರ ಪದ್ಮಾವತಿಯರ ಹೆಸರು ಎರಡನೆಯ ವಾದ. ಕಮಠನ ಉಪಸರ್ಗದ ಸಮಯದಲ್ಲಿ ಧರಣೇಂದ್ರ ಹೆಡೆಯೆತ್ತಿ ಪಾರ್ಶ್ವನಾಥರನ್ನು ಕಾಪಾಡಿದ್ದು ಎಲ್ಲರಿಗೂ ತಿಳಿದ ಕಥೆ. ಆದರೆ ಪಾರ್ಶ್ವನಾಥರು ಅವನನ್ನು ಕರೆಯಲಿಲ್ಲ. ಕೃತಜ್ಞತೆಯಿಂದ ಅವನಾಗಿಯೇ ಬಂದ. ಕಲ್ಲೆಸೆದವನ ಮೇಲೂ ಹೆಡೆಯೆತ್ತಿದವನ ಮೇಲೂ ಅವರದು ಸಮಭಾವವೇ. ಅನುಕರಿಸಬೇಕಾದದ್ದು ಆ ಸಮಭಾವ. ಶಾಸನದೇವತೆಗಳಿಗೆ ಬಸದಿಯಲ್ಲಿ ಗೌರವದ ಸ್ಥಾನವಿದೆ, ಹೊಂಬುಜ, ಸಿಂಹನಗದ್ದೆಗಳಲ್ಲಿ ಅದಕ್ಕೆ ದೀರ್ಘ ಪರಂಪರೆಯೂ ಇದೆ. ಜಿನನ ಸೇವಕರಿಗೆ ಸಲ್ಲುವ ಗೌರವ ಬೇರೆ, ಜಿನನನ್ನು ಬಿಟ್ಟು ಸೇವಕರೊಂದಿಗೆ ನಡೆಸುವ ಚೌಕಾಸಿ ಬೇರೆ. ವಡ್ಡಾರಾಧನೆಯ 19 ಕಥೆಗಳನ್ನು ತಿರುವಿಹಾಕಿದರೆ ಇದು ಇನ್ನಷ್ಟು ಸ್ಪಷ್ಟ. ಸುಕುಮಾರಸ್ವಾಮಿಯನ್ನು ನರಿಯೂ ಅದರ ಮರಿಗಳೂ ಕಿತ್ತು ತಿನ್ನುವಾಗ ಆತ ಯಾವ ದೇವತೆಯನ್ನೂ ಕೂಗಲಿಲ್ಲ. ಕನ್ನಡದ ಆದಿಗದ್ಯ ಕಟ್ಟಿದ ಪ್ರಾರ್ಥನೆಯ ಮಾದರಿ ಅದು.

ಮೂರನೆಯ ವಾದಕ್ಕೆ ತೂಕವಿದೆ. ಭಕ್ತಿಯಿಂದ ಪರಿಣಾಮ ಶುದ್ಧವಾಗುತ್ತದೆ, ಶುಭೋಪಯೋಗದಿಂದ ಪುಣ್ಯ ಬರುತ್ತದೆ, ಅಸಾತಾವೇದನೀಯವು ಸಾತಾವೇದನೀಯವಾಗಿ ಸಂಕ್ರಮಣಗೊಳ್ಳಬಲ್ಲದು. ಹೀಗಿರುವಾಗ ಪೂಜೆಗೆ ಲೌಕಿಕ ಫಲವಿಲ್ಲವೆನ್ನುವುದು ಹೇಗೆ? ಸಿದ್ಧಾಂತ ಸರಿಯಾಗಿಯೇ ಇದೆ. ಆದರೆ ಆ ಸಂಕ್ರಮಣಕ್ಕೆ ಕಾರಣ ಭಾವದ ವಿಶುದ್ಧಿ, ರಶೀದಿಯ ಮೊತ್ತವಲ್ಲ. ಫಲದ ಆಸೆ ಆ ವಿಶುದ್ಧಿಯನ್ನೇ ಕೆಡಿಸುತ್ತದೆ. ಯಾವ ಕರ್ಮ ಯಾವಾಗ ಉದಯಕ್ಕೆ ಬರುವುದೆಂದು ಹೇಳುವ ಜ್ಞಾನ ಈ ಕಾಲದ ಯಾವ ಪುರೋಹಿತನಿಗೂ ಇಲ್ಲ. ಆದ್ದರಿಂದ ದಿನಾಂಕ ಹಾಕಿ ಫಲ ಮಾರುವವನು ಸಿದ್ಧಾಂತವನ್ನು ಹೇಳುತ್ತಿಲ್ಲ, ಅದರ ಹೆಸರಿನಲ್ಲಿ ವಂಚಿಸುತ್ತಿದ್ದಾನೆ. ಕುಂದಕುಂದಾಚಾರ್ಯರಂತೂ ಸಮಯಸಾರದಲ್ಲಿ ಪಾಪವನ್ನು ಕಬ್ಬಿಣದ ಸಂಕಲೆಗೆ, ಪುಣ್ಯವನ್ನು ಚಿನ್ನದ ಸಂಕಲೆಗೆ ಹೋಲಿಸಿದ್ದಾರೆ. ಸಂಕಲೆ ಚಿನ್ನದ್ದೆಂದು ಸಂಭ್ರಮಿಸುವವನು ಬಿಡುಗಡೆಯ ಮಾತನ್ನೇ ಮರೆತಿದ್ದಾನೆ.

ಹಾಗಾದರೆ ಉತ್ತರ ಬಾರದ ಪ್ರಾರ್ಥನೆ ವ್ಯರ್ಥ, ಬಿಟ್ಟುಬಿಡುವುದೇ ಪ್ರಾಮಾಣಿಕತೆ ಎಂದು ತೀರ್ಮಾನಿಸುವ ಯುವಜನರ ಸಂಖ್ಯೆ ಈ ನಗರಗಳಲ್ಲಿ ಕಡಿಮೆಯಿಲ್ಲ. ಅವರೂ ವರ ಮಾರುವವನ ಮಾತನ್ನೇ ಒಪ್ಪಿಕೊಂಡಿದ್ದಾರೆ. ಫಲ ಸಿಗದಿದ್ದರೆ ಪೂಜೆ ಸುಳ್ಳು ಎಂಬ ಅಳತೆಗೋಲು ಇಬ್ಬರದೂ ಒಂದೇ. ಸಾಮಾಯಿಕದ 48 ನಿಮಿಷ ಕುಳಿತವನು ಯಾರಿಗೂ ಅರ್ಜಿ ಬರೆಯುತ್ತಿಲ್ಲ. ತನ್ನ ದಿನವನ್ನು ತಾನೇ ತಪಾಸಣೆ ಮಾಡುತ್ತಿದ್ದಾನೆ. ಪ್ರತಿಕ್ರಮಣದಲ್ಲಿ ಆತ ಮಾಡಿದ ತಪ್ಪನ್ನು ಹೆಸರಿಸುತ್ತಾನೆ, ಪ್ರತ್ಯಾಖ್ಯಾನದಲ್ಲಿ ಮುಂದೆ ಮಾಡೆನೆನ್ನುತ್ತಾನೆ. ಇದಕ್ಕೆ ಆಕಾಶದಿಂದ ಉತ್ತರ ಬರಬೇಕಾಗಿಲ್ಲ. ಉತ್ತರ ಮರುದಿನದ ಅಂಗಡಿಯ ತಕ್ಕಡಿಯಲ್ಲಿ, ಆಳಿನ ಸಂಬಳದಲ್ಲಿ, ಸೊಸೆಯೊಡನೆ ಆಡುವ ಮಾತಿನಲ್ಲಿ ಕಾಣಿಸಬೇಕು.

ಮೇಲಾಗಿ ಜೈನರ ವರ್ಷದಲ್ಲಿ ಉತ್ತರ ಬರಲೇಬೇಕಾದ ಪ್ರಾರ್ಥನೆಯೂ ಒಂದಿದೆ. ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯಲ್ಲಿ ಕೈಮುಗಿಯುವುದು ಸಿದ್ಧಶಿಲೆಯತ್ತ ಅಲ್ಲ, ಎದುರಿಗಿರುವ ಮನುಷ್ಯನತ್ತ. ಅಂದು ಸಾವಿರ ಜನರಿಗೆ ಒಂದೇ ಚಿತ್ರ ರವಾನೆಯಾಗುತ್ತದೆ. ಆಸ್ತಿಯ ಜಗಳದಲ್ಲಿ ಹತ್ತು ವರ್ಷದಿಂದ ಮಾತು ಬಿಟ್ಟ ಒಡಹುಟ್ಟಿದ ಅಣ್ಣನಿಗೆ ಮಾತ್ರ ಫೋನು ಹೋಗುವುದಿಲ್ಲ. ಜೀವಗಳು ಒಂದಕ್ಕೊಂದು ಉಪಕರಿಸುವುದು ಅವುಗಳ ಧರ್ಮ ಎಂದು ಹೇಳುವ ಸೂತ್ರವನ್ನು ಲಾಂಛನದ ಕೆಳಗೆ ಅಚ್ಚು ಹಾಕಿಕೊಂಡ ಸಮಾಜವಿದು. ಬಾಡಿಗೆ ಕಟ್ಟಲಾಗದ ವಿಧವೆಯ ಪ್ರಾರ್ಥನೆ, ಡಯಾಲಿಸಿಸ್‌ಗೆ ಹಣ ಹೊಂದಿಸಲಾರದ ಮುದುಕನ ಪ್ರಾರ್ಥನೆ ಫಲಿಸದೆ ಹೋದರೆ ಅದಕ್ಕೆ ಜಿನನ ಮೌನ ಕಾರಣವಲ್ಲ. ಕೇಳಿಸಿಕೊಳ್ಳಬೇಕಾದವರು ಸವಾಲಿನ ಸಭೆಯಲ್ಲಿ ಕುಳಿತಿದ್ದರು.

ಆದ್ದರಿಂದ ಸುಧಾರಣೆಯ ಕೆಲಸ ಬಸದಿಯ ಒಳಗಿನಿಂದಲೇ ಆರಂಭವಾಗಬೇಕು. ಫಲದ ಹೆಸರಿನಲ್ಲಿ ದರ ನಿಗದಿಯಾದ ಆರಾಧನೆಗಳ ಪ್ರಕಟಣೆ ನಿಲ್ಲಬೇಕು. ಸವಾಲಿನಿಂದ ಬಂದ ಪ್ರತಿ ರೂಪಾಯಿಯ ಲೆಕ್ಕ ಸೂಚನಾ ಫಲಕದ ಮೇಲೆ ಕಾಣಬೇಕು. ಮಹಾರಾಷ್ಟ್ರದಲ್ಲಿ ನೋಂದಾಯಿತ ಸಾರ್ವಜನಿಕ ಟ್ರಸ್ಟ್‌ಗಳು 1950ರ ಕಾಯಿದೆಯಂತೆ ಚಾರಿಟಿ ಕಮಿಷನರ್ ಕಚೇರಿಗೆ ಲೆಕ್ಕ ಒಪ್ಪಿಸುತ್ತವೆ. ಕಾಣಿಕೆ ಕೊಟ್ಟ ಶ್ರಾವಕನಿಗೇಕೆ ಒಪ್ಪಿಸಬಾರದು? ಕೇವಲ ಧಾರ್ಮಿಕ ಉದ್ದೇಶದ ಟ್ರಸ್ಟ್‌ಗಳಿಗೆ ಹೆಸರಿಲ್ಲದ ಕಾಣಿಕೆಯ ಮೇಲಿನ ತೆರಿಗೆಯಿಂದ ಸರಕಾರ ವಿನಾಯಿತಿ ಕೊಟ್ಟಿದೆ. ಕಾನೂನು ತೋರಿದ ಆ ವಿಶ್ವಾಸಕ್ಕೆ ತಕ್ಕ ಪಾರದರ್ಶಕತೆ ಸಮಾಜದ ಹೊಣೆ. 2014ರ ಜನವರಿಯಲ್ಲಿ ಅಲ್ಪಸಂಖ್ಯಾತ ಸ್ಥಾನಮಾನ ಪಡೆದು ವಿದ್ಯಾರ್ಥಿವೇತನಕ್ಕಾಗಿ ಸರಕಾರದ ಬಾಗಿಲು ತಟ್ಟುವ ಮುಖಂಡರು, ಒಂದು ಕಲಶದ ಸವಾಲಿನ ಹಣದಲ್ಲಿ ಎಷ್ಟು ಮಕ್ಕಳ ಶುಲ್ಕ ತುಂಬಬಹುದೆಂದು ಒಮ್ಮೆಯಾದರೂ ಕೂಡಿ ನೋಡಲಿ.

ಶ್ರವಣಬೆಳಗೊಳದ ಐತಿಹ್ಯ ಎಲ್ಲರ ಬಾಯಲ್ಲಿದೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ಪಾದ ಮುಟ್ಟಲಿಲ್ಲ. ಗುಳ್ಳಕಾಯಜ್ಜಿಯ ಬೊಗಸೆ ಹಾಲು ಮುಟ್ಟಿತು. ಆಕೆ ಏನನ್ನೂ ಬೇಡಿದಳೆಂದು ಯಾವ ಕಥೆಯೂ ಹೇಳುವುದಿಲ್ಲ. ಆಕೆಯ ವಿಗ್ರಹ ಇಂದಿಗೂ ಗೊಮ್ಮಟನ ಎದುರಿಗೇ ನಿಂತಿದೆ. ಮುಂದಿನ ಕಲಶಕ್ಕೆ ಸವಾಲು ಕೂಗುವವರು ಅತ್ತ ಒಮ್ಮೆ ತಿರುಗಿ ನೋಡಲಿ.